ಹತ್ತು ಎಕರೆ, 1,200 ಮನೆ: ಸೌಕರ್ಯಗಳು ಗೇಟಿನೊಳಗೆ ಇರಬೇಕೇ, ರಸ್ತೆಯ ಅಂಚಿಗೆ ಬರಬೇಕೇ?

ನಕ್ಷೆಮನೆ, ಬೆಂಗಳೂರು

ನಮಸ್ಕಾರ. ನಾನು ವಾಸ್ತುಶಿಲ್ಪಿ. ಬೆಂಗಳೂರಿನ ಉತ್ತರದ ಅಂಚಿನಲ್ಲಿ ಹತ್ತು ಎಕರೆ ಜಾಗದಲ್ಲಿ ಸುಮಾರು 1,200 ಮನೆಗಳ ವಸತಿ ಸಮುಚ್ಚಯದ ನಕ್ಷೆ ನಮ್ಮ ಕಚೇರಿಯಲ್ಲಿ ಸಿದ್ಧವಾಗುತ್ತಿದೆ. ಜಾಗದ ಮುಂದೆ ಬಸ್ ಓಡಾಡುವ ಅಗಲವಾದ ರಸ್ತೆ, ರಸ್ತೆಯಾಚೆ ಸರ್ಕಾರಿ ಪ್ರಾಥಮಿಕ ಶಾಲೆ, ಹಿಂದುಗಡೆ ಹಳೆಯ ಊರು. ಒಂದು ಮೂಲೆಯನ್ನು ಸವರಿಕೊಂಡು ಮಳೆನೀರು ಸಾಗಿಸುವ ಚಿಕ್ಕ ರಾಜಕಾಲುವೆ ಹರಿಯುತ್ತದೆ. ರಸ್ತೆಗೆ ತಾಗುವ ಅಂಚು ಸುಮಾರು 180 ಮೀಟರ್.

ಬಿಲ್ಡರ್ ಕೊಟ್ಟಿರುವ ಪಟ್ಟಿಯಲ್ಲಿ ಕ್ಲಬ್‌ಹೌಸ್, ಈಜುಕೊಳ, ಜಿಮ್, ಸ್ಕ್ವಾಷ್ ಅಂಕಣ, ಪುಟ್ಟ ಚಿತ್ರಮಂದಿರ, ಯೋಗಕ್ಕೆಂದು ಹುಲ್ಲುಹಾಸು ಎಲ್ಲವೂ ಇವೆ. ಇವನ್ನೆಲ್ಲ ನಟ್ಟನಡುವೆ ಇಟ್ಟು, ಸುತ್ತ ಗೋಪುರಗಳನ್ನು ನಿಲ್ಲಿಸಿ, ಆಚೆಗೆ ಆಳೆತ್ತರದ ಕಾಂಪೌಂಡ್ ಎಬ್ಬಿಸುವುದು ಈಗಿನ ರೂಢಿ. ಆಗ ಆ 180 ಮೀಟರ್ ಉದ್ದಕ್ಕೂ ದಾರಿಹೋಕರಿಗೆ ಸಿಗುವುದು ಗೋಡೆ, ಗೇಟು, ಟ್ರಾನ್ಸ್‌ಫಾರ್ಮರ್. ಸಂಜೆ ಏಳರ ನಂತರ ಒಬ್ಬಂಟಿ ಹೆಣ್ಣುಮಗಳು ಅಲ್ಲಿ ನಡೆಯಲು ಹೆದರುತ್ತಾಳೆ.

ಸುಮಾರು ಐದು ಸಾವಿರ ಜನ ಒಂದೆಡೆ ಸೇರಿದರೆ ಅದು ಒಂದು ಊರೇ. ಊರಿಗೆ ಬೇಕಾದ ದವಾಖಾನೆ, ಗ್ರಂಥಾಲಯ, ಕೂಸಿನ ಮನೆ (ಶಿಶುಪಾಲನಾ ಕೇಂದ್ರ), ದಿನಸಿ ಮತ್ತು ಔಷಧಿ ಅಂಗಡಿ, ಸಭಾಂಗಣ ಇವೆಲ್ಲ ರಸ್ತೆಯ ಅಂಚಿಗೆ ಬರಬೇಕು, ಸುತ್ತಲಿನವರೂ ಬಳಸುವಂತಿರಬೇಕು ಎಂಬುದು ನನ್ನ ವಾದ. ದೊಡ್ಡ ಸಮುಚ್ಚಯಗಳಲ್ಲಿ ಬಾಳಿದವರು, ಅವನ್ನು ನಡೆಸುತ್ತಿರುವವರು, ಕಾನೂನು ಬಲ್ಲವರು ನಿಷ್ಠುರವಾಗಿ ಹೇಳಿ. ಯಾವುದನ್ನು ಹಂಚಿಕೊಳ್ಳಬಹುದು, ಎಲ್ಲಿಡಬೇಕು?

ಖಜಾಂಚಿ, ವೈಟ್‌ಫೀಲ್ಡ್

ಮೇಡಂ, ಆಶಯ ಒಳ್ಳೆಯದು. ಆದರೆ ಹಣ ಎಣಿಸುವವನ ಮಾತನ್ನೂ ಕೇಳಿ. ಆರುನೂರು ಚಿಲ್ಲರೆ ಮನೆಗಳಿರುವ ನಮ್ಮ ಸಂಘದ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ಬಿಲ್ಡರ್ ಕಟ್ಟಿಕೊಟ್ಟ ಪುಟ್ಟ ಚಿತ್ರಮಂದಿರಕ್ಕೆ ಬೀಗ ಬಿದ್ದು ವರ್ಷಗಳಾದವು. ಈಗ ಅಲ್ಲಿರುವುದು ಮುರಿದ ಕುರ್ಚಿಗಳು ಮತ್ತು ಗಣೇಶೋತ್ಸವದ ಪೆಂಡಾಲಿನ ಕಂಬಗಳು. ಹಬೆ ಸ್ನಾನದ ಕೋಣೆ ಕೆಟ್ಟಾಗ ರಿಪೇರಿ ಮಾಡಿಸಿ ಎಂದು ಕೇಳಿದವರೇ ಇಲ್ಲ. ಜನ ಜಗಳವಾಡಿಕೊಂಡಾದರೂ ಬಳಸುವುದು ನಡಿಗೆ ಪಥ, ಮಕ್ಕಳ ಆಟದ ಜಾಗ, ಬ್ಯಾಡ್ಮಿಂಟನ್ ಅಂಕಣ ಮತ್ತು ಸಭಾಂಗಣವನ್ನು ಮಾತ್ರ. ಪಟ್ಟಿಯಲ್ಲಿ ಉಳಿದದ್ದು ಮನೆ ಮಾರುವ ದಿನದ ಅಲಂಕಾರ.

ಪ್ರತಿ ತಿಂಗಳೂ ತಪ್ಪದೆ ಬರುವ ಬಿಲ್ಲುಗಳು ಬೇರೆಯೇ. ಕಾವಲು, ಲಿಫ್ಟ್, ಜನರೇಟರಿನ ಡೀಸೆಲ್, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ), ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಹತ್ತು ವರ್ಷ ತುಂಬುತ್ತಿದ್ದಂತೆ ಹೊರಗೋಡೆಯ ಬಣ್ಣ, ನೆಲಮಾಳಿಗೆಯ ಸೋರಿಕೆ, ಲಿಫ್ಟಿನ ಹಗ್ಗ ಒಟ್ಟೊಟ್ಟಿಗೆ ಎದುರು ನಿಲ್ಲುತ್ತವೆ. ಹತ್ತಾರು ಮನೆಯವರು ನಿರ್ವಹಣಾ ಶುಲ್ಕ ಬಾಕಿ ಉಳಿಸಿಕೊಂಡಿರುತ್ತಾರೆ. ಇಷ್ಟೆಲ್ಲದರ ನಡುವೆ ಹೊರಗಿನವರಿಗೂ ಬಾಗಿಲು ತೆರೆಯಿರಿ ಎಂದರೆ ಖರ್ಚು ಯಾರದು? ನಾಳೆ ಯಾವುದೋ ಮಗು ಜಾರಿ ಬಿದ್ದರೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾದವರು ಸಂಘದ ಪದಾಧಿಕಾರಿಗಳು. ಅವರೇನೂ ಸಂಬಳಕ್ಕಿರುವವರಲ್ಲ.

ಲೀಸಿಂಗ್ ಕನ್ನಡಿಗ, ವಿಯೆನ್ನಾ

ಖಜಾಂಚಿಯವರೇ, ನೀವು ಹೇಳಿದ ಸೌಕರ್ಯಗಳೇ ನಲವತ್ತು ವರ್ಷಗಳಿಂದ ಚೆನ್ನಾಗಿ ನಡೆಯುತ್ತಿರುವ ಜಾಗವೊಂದು ವಿಯೆನ್ನಾದಲ್ಲಿ ನಾನಿರುವ ಲೀಸಿಂಗ್ ಜಿಲ್ಲೆಯಲ್ಲಿದೆ. ಹೆಸರು ಆಲ್ಟ್ ಎರ್ಲಾ. ಹ್ಯಾರಿ ಗ್ಲುಕ್ ಎಂಬ ವಾಸ್ತುಶಿಲ್ಪಿಯ ನೇತೃತ್ವದಲ್ಲಿ 1973ರಿಂದ 1985ರವರೆಗೆ ಕಟ್ಟಿದ್ದು. ಸುಮಾರು 3,200 ಮನೆಗಳು, ಎಲ್ಲವೂ ಬಾಡಿಗೆಯವು, ಮಾಲೀಕತ್ವ ಲಾಭಕ್ಕಾಗಿ ನಡೆಯದ ಒಂದೇ ಸಂಸ್ಥೆಯದು. ಗೋಪುರಗಳ ನೆತ್ತಿಯ ಮೇಲೆ ಈಜುಕೊಳಗಳಿವೆ. ಕೆಳಗಿನ ಹನ್ನೆರಡರಷ್ಟು ಅಂತಸ್ತುಗಳು ಬುಡದಲ್ಲಿ ಅಗಲವಾಗಿ, ಮೇಲೆ ಹೋದಂತೆ ಕಿರಿದಾಗುತ್ತವೆ. ಅಲ್ಲಿನ ಪ್ರತಿ ಮನೆಯ ಬಾಲ್ಕನಿಗೂ ಕಾಂಕ್ರೀಟಿನ ದೊಡ್ಡ ತೊಟ್ಟಿ. ಅದರಲ್ಲಿ ಗಿಡ ಮಾತ್ರವಲ್ಲ, ಸಣ್ಣ ಮರವೇ ಬೆಳೆಯುತ್ತದೆ. ಬೇಸಿಗೆಯಲ್ಲಿ ನೋಡಿದರೆ ಕಟ್ಟಡಕ್ಕಿಂತ ಹಸಿರೇ ಮೊದಲು ಕಾಣುತ್ತದೆ.

ನಕ್ಷೆಮನೆಯವರ ಪ್ರಶ್ನೆಗೆ ಇಲ್ಲೊಂದು ಸ್ಪಷ್ಟ ಉತ್ತರವಿದೆ. ಈಜುಕೊಳ, ಸೌನಾ, ಹವ್ಯಾಸಿ ಸಂಘಗಳ ಕೋಣೆಗಳು ನಿವಾಸಿಗಳಿಗೆ ಸೇರಿದ್ದು, ಕಟ್ಟಡದ ಒಳಗೆ ಅಥವಾ ಮೇಲೆ ಇವೆ. ಅಂಗಡಿಗಳು, ಶಾಲೆ, ಶಿಶುವಿಹಾರ, ವೈದ್ಯರು, ಚರ್ಚ್ ಇವೆಲ್ಲ ನೆಲದ ಮೇಲೆ, ಮೆಟ್ರೋ ನಿಲ್ದಾಣಕ್ಕೆ ಕೂಗಳತೆಯಲ್ಲಿ ಇವೆ. ಅಲ್ಲಿಗೆ ಯಾರು ಬೇಕಾದರೂ ಬರಬಹುದು. ಅಂಗಡಿಗೆ ಬೇಕಾದ ಗಿರಾಕಿ, ಶಾಲೆಗೆ ಬೇಕಾದ ಮಕ್ಕಳು ಒಳಗಿನಿಂದಷ್ಟೇ ಬಂದರೆ ಸಾಲದು. ಹೊರಗಿನವರು ಬಂದರೇ ಅವು ಉಳಿಯುವುದು. ಫ್ರಾನ್ಸಿನ ಮಾರ್ಸೇಯಲ್ಲಿ ಲ ಕಾರ್ಬೂಸಿಯೇ 1952ರಲ್ಲಿ ಮುಗಿಸಿದ 337 ಮನೆಗಳ ಕಟ್ಟಡದಲ್ಲಿ ಅಂಗಡಿಬೀದಿಯನ್ನು ನಡುವಿನ ಅಂತಸ್ತಿಗೆ ಏರಿಸಿದ್ದರು. ಬೀದಿಯಿಂದ ಕಡಿದುಹೋದ ಆ ಅಂಗಡಿಗಳು ವ್ಯಾಪಾರವಿಲ್ಲದೆ ಸೊರಗಿದವು.

ಇನ್ನೊಂದು ಮಾತು. ಇಲ್ಲಿನ ಕಾರ್ಲ್ ಮಾರ್ಕ್ಸ್ ಹೋಫ್ ಒಂದು ಕಿಲೋಮೀಟರಿಗೂ ಉದ್ದದ ಕಟ್ಟಡ; 1930ರಲ್ಲಿ ಉದ್ಘಾಟನೆಯಾದದ್ದು, 1,382 ಮನೆಗಳು. ಜಾಗದ ಐದನೇ ಒಂದು ಭಾಗಕ್ಕಿಂತ ಕಡಿಮೆ ನೆಲದ ಮೇಲೆ ಕಟ್ಟಿ, ಉಳಿದದ್ದನ್ನು ಅಂಗಳಗಳಾಗಿ ಬಿಟ್ಟರು. ಬಟ್ಟೆ ಒಗೆಯುವ ಮನೆ, ಸ್ನಾನಗೃಹ, ಶಿಶುವಿಹಾರ, ಗ್ರಂಥಾಲಯ, ದಂತ ಚಿಕಿತ್ಸಾಲಯ ಎಲ್ಲವನ್ನೂ ಆಗಲೇ ಸೇರಿಸಿದ್ದರು. ಮನೆಯೊಳಗೆ ಸ್ನಾನದ ಕೋಣೆ ಇಲ್ಲದ ಕಾರ್ಮಿಕರಿಗೆ ಅವು ನಿತ್ಯದ ಅಗತ್ಯಗಳು. ಅದಕ್ಕೇ ಬಳಕೆಗೂ ಬಂದವು.

ಖಜಾಂಚಿ, ವೈಟ್‌ಫೀಲ್ಡ್

ವಿಯೆನ್ನಾದಲ್ಲಿ ಮಾಲೀಕ ಒಬ್ಬನೇ. ನಮ್ಮಲ್ಲಿ 1,200 ಮನೆಗೆ 1,200 ಮಾಲೀಕರು, ಅರ್ಧದಷ್ಟು ಮಂದಿ ಬಾಡಿಗೆಗೆ ಕೊಟ್ಟು ಬೇರೆ ಊರಿನಲ್ಲಿರುತ್ತಾರೆ. ಸಾಮಾನ್ಯ ಸಭೆಗೆ ಕೋರಂ ತುಂಬಿಸುವುದೇ ಕಷ್ಟ. ಈ ವ್ಯತ್ಯಾಸವನ್ನು ಮರೆತು ನಕ್ಷೆ ಬರೆಯಬೇಡಿ.

ನೀರುಗಂಟಿ, ಬೆಂಗಳೂರು

ಸೌಕರ್ಯ ಎಂದಾಗ ಎಲ್ಲರೂ ಈಜುಕೊಳದ ಬಗ್ಗೆ ಮಾತಾಡುತ್ತಾರೆ. ನಾನು ನೀರಿನ ಲೆಕ್ಕವನ್ನೇ ಇಡುತ್ತೇನೆ, ಏಕೆಂದರೆ ಈ ಊರಿಗೆ ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದಿಂದ, ಗುಡ್ಡ ಹತ್ತಿದಂತೆ ಪಂಪುಗಳ ಬಲದಿಂದ ಏರಿ ಬರುತ್ತದೆ.

ಮನೆಗೆ ನಾಲ್ವರಂತೆ 4,800 ಜನ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ತಲೆಗೆ ದಿನಕ್ಕೆ 135 ಲೀಟರ್. ಒಟ್ಟು 6,48,000 ಲೀಟರ್. ಅದರಲ್ಲಿ ತಲೆಗೆ 45 ಲೀಟರಿನಂತೆ 2,16,000 ಲೀಟರ್ ಶೌಚಾಲಯದ ಫ್ಲಷ್‌ಗೆ. ಬಳಸಿದ ನೀರಿನಲ್ಲಿ ಶೇ 80ರಷ್ಟು ಎಸ್‌ಟಿಪಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಸಂಸ್ಕರಿಸಿದ ಮೇಲೆ ದಿನಕ್ಕೆ ಐದು ಲಕ್ಷ ಲೀಟರಿಗೂ ಹೆಚ್ಚು ಕೈಗೆ ಸಿಗುತ್ತದೆ. ಫ್ಲಷ್‌ಗೆ ಕೊಟ್ಟು, ಗಿಡಗಳಿಗೆ ಹಾಕಿ ಆದ ಮೇಲೂ ಎರಡೂವರೆ ಲಕ್ಷ ಲೀಟರ್ ಉಳಿಯುತ್ತದೆ. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ ನಲವತ್ತು ಲೋಡ್! ಒಂದು ಕಡೆ ಟ್ಯಾಂಕರಿಗೆ ಹಣ ಕೊಟ್ಟು ನೀರು ತರಿಸುತ್ತೇವೆ, ಇನ್ನೊಂದು ಕಡೆ ಖರ್ಚು ಮಾಡಿ ಶುದ್ಧಗೊಳಿಸಿದ ನೀರನ್ನು ಚರಂಡಿಗೆ ಬಿಡುತ್ತೇವೆ. ನನಗೆ ಇದು ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ.

ಹಾಗಾಗಿ ನಿಮ್ಮ ಹತ್ತು ಎಕರೆ ನಗರಕ್ಕೆ ಕೊಡಬಹುದಾದ ಅತಿ ದೊಡ್ಡ ಸಾರ್ವಜನಿಕ ಸೌಕರ್ಯ ಈ ನೀರು. 2024ರ ಬೇಸಿಗೆಯ ಬರದಲ್ಲಿ ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ಕಾಮಗಾರಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತ್ತು. ಆ ಹೊತ್ತಿನಲ್ಲೇ ಸಮುಚ್ಚಯಗಳು ಹೆಚ್ಚುವರಿ ಸಂಸ್ಕರಿತ ನೀರನ್ನು ಹೊರಗೆ ಮಾರಲು ಸರ್ಕಾರ ಅನುವು ಮಾಡಿಕೊಟ್ಟಿತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ನೀವು ನಕ್ಷೆಯ ಹಂತದಲ್ಲೇ ಪ್ರತ್ಯೇಕ ಪೈಪ್ ಎಳೆದು, ರಸ್ತೆ ಅಂಚಿನಲ್ಲಿ ಟ್ಯಾಂಕರ್ ತುಂಬಿಸಿಕೊಳ್ಳುವ ಜಾಗ ಬಿಡಿ. ಎದುರಿನ ಶಾಲೆಯ ಶೌಚಾಲಯಕ್ಕೂ ಒಂದು ಸಂಪರ್ಕ ಕೊಡಬಹುದು.

ಮಳೆಯ ಲೆಕ್ಕ ಹೇಳಿಬಿಡುತ್ತೇನೆ. ಒಟ್ಟು ಚಾವಣಿ 10,000 ಚದರ ಮೀಟರ್ ಇದ್ದರೆ, ವರ್ಷದ ಸರಾಸರಿ 970 ಮಿಲಿಮೀಟರ್ ಮಳೆಯಲ್ಲಿ ಶೇ 85 ಹಿಡಿದರೂ 82 ಲಕ್ಷ ಲೀಟರ್. ನಿಮ್ಮ ಜನಕ್ಕೆ ಹದಿಮೂರು ದಿನಕ್ಕೆ ಸಾಕು, ಅಷ್ಟೇ. ಆದ್ದರಿಂದ ಮಳೆಕೊಯ್ಲು ಮಾಡಿದ್ದೇವೆ ಎಂಬ ಫಲಕ ಹಾಕಿ ನೆಮ್ಮದಿಯಾಗಿ ಇರುವಂತಿಲ್ಲ. ಇಂಗಿಸುವುದಕ್ಕೆ ಹೆಚ್ಚು ಬೆಲೆ ಇದೆ, ಆದರೆ ಇಂಗಲು ಮಣ್ಣು ಬೇಕು. ನೆಲಮಾಳಿಗೆಯ ಛಾವಣಿಯ ಮೇಲೆ ಹಾಸಿದ ಹುಲ್ಲಿನಲ್ಲಿ ಏನೂ ಇಂಗುವುದಿಲ್ಲ.

ಎಸ್‌ಟಿಪಿಯನ್ನು ಎರಡನೇ ನೆಲಮಾಳಿಗೆಯ ಕತ್ತಲ ಮೂಲೆಗೆ ತಳ್ಳಬೇಡಿ. ಅಲ್ಲಿ ಕೆಲಸ ಮಾಡುವವನೂ ಮನುಷ್ಯ. ಅವನಿಗೆ ಗಾಳಿ, ಬೆಳಕು, ಕೈಕಾಲು ತೊಳೆಯುವ ಜಾಗ ಬೇಕು. ವಿಷಾನಿಲ ಕಟ್ಟಿಕೊಂಡು ಜೀವ ಹೋದ ಪ್ರಕರಣಗಳು ನಮ್ಮ ನಗರದಲ್ಲೇ ಆಗಿವೆ.

ತೋ ಪಾಯೋ ನಿವಾಸಿ, ಸಿಂಗಪುರ

ಅಕ್ಕ, ನಿಮ್ಮ ಪಟ್ಟಿಯಲ್ಲಿ ಸಾವಿಗೆ ಜಾಗ ಇಲ್ಲ. ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ನಮ್ಮ ಮಾವನವರು ಬೆಂಗಳೂರಿನ ಸಮುಚ್ಚಯವೊಂದರಲ್ಲಿ ತೀರಿಕೊಂಡಾಗ ಆಸ್ಪತ್ರೆಯಿಂದ ತಂದ ದೇಹವನ್ನು ಮನೆಗೆ ಒಯ್ಯಲು ಆಗಲಿಲ್ಲ. ಲಿಫ್ಟಿನಲ್ಲಿ ಸ್ಟ್ರೆಚರ್ ಅಡ್ಡಡ್ಡ ಹಿಡಿಯಲಿಲ್ಲ. ಲಾಬಿಯಲ್ಲಿ ಇಡಬೇಡಿ, ಮಕ್ಕಳು ಹೆದರುತ್ತಾರೆ ಎಂದರು. ಕೊನೆಗೆ ನೆಲಮಾಳಿಗೆಯಲ್ಲಿ ಎರಡು ಕಾರು ಸರಿಸಿ ಅಲ್ಲಿ ಇಟ್ಟೆವು. ಊರಿನಿಂದ ಬಂದ ಹಿರಿಯರು ಟ್ಯೂಬ್‌ಲೈಟಿನ ಕೆಳಗೆ, ಎಣ್ಣೆ ಕಲೆಯ ನೆಲದ ಮೇಲೆ ಚಾಪೆ ಹಾಸಿಕೊಂಡು ಕುಳಿತರು. ಅತ್ತೆಗೆ ಅದು ಇವತ್ತಿಗೂ ಮಾಸದ ನೋವು.

ಇಲ್ಲಿ ಸರ್ಕಾರಿ ವಸತಿ ಮಂಡಳಿ 1970ರ ದಶಕದಿಂದ ಕಟ್ಟಿದ ಹೆಚ್ಚಿನ ಕಟ್ಟಡಗಳಲ್ಲಿ ನೆಲ ಅಂತಸ್ತನ್ನು ಮನೆಗಳಿಲ್ಲದೆ ಕಂಬಗಳ ಮೇಲೆ ಖಾಲಿ ಬಿಟ್ಟಿದ್ದಾರೆ. ಮಲಯ್ ಕುಟುಂಬದ ಮದುವೆ, ಚೀನೀ ಕುಟುಂಬದ ಹಲವು ದಿನಗಳ ಅಂತ್ಯಕ್ರಿಯೆ, ಶಿಶುವಿಹಾರ, ವೃದ್ಧರ ಹಗಲು ಕೇಂದ್ರ, ಚದುರಂಗದ ಮೇಜು ಎಲ್ಲಕ್ಕೂ ಅದೇ ಜಾಗ. ಮುಂಚಿತವಾಗಿ ಅನುಮತಿ ಪಡೆದು, ಮುಗಿದ ಮೇಲೆ ತೊಳೆದು ಬಿಡಬೇಕು. ಗೋಡೆ ಇಲ್ಲ, ಗಾಳಿಯಾಡುತ್ತದೆ, ಮಳೆ ಬಡಿಯುವುದಿಲ್ಲ. ಬಸ್ ನಿಲ್ದಾಣಕ್ಕೆ ಹೋಗುವವರು ಅದರ ಮೂಲಕವೇ ಹಾಯ್ದು ಹೋಗುತ್ತಾರೆ.

ಯಾವುದು ಯಾರಿಗೆ ಎಂಬ ವಿಂಗಡಣೆಯನ್ನು ಪಿನ್ನಕಲ್ ಅಟ್ ಡಕ್ಸ್‌ಟನ್‌ನಲ್ಲಿ ನೋಡಬಹುದು. 2009ರಲ್ಲಿ ಮುಗಿದ, ಐವತ್ತು ಅಂತಸ್ತಿನ ಏಳು ಗೋಪುರಗಳು, 1,848 ಮನೆಗಳು. ಗೋಪುರಗಳನ್ನು ಜೋಡಿಸುವ ಸೇತುವೆ-ತೋಟಗಳು ಎರಡು ಎತ್ತರಗಳಲ್ಲಿವೆ. 26ನೇ ಅಂತಸ್ತಿನದು ನಿವಾಸಿಗಳಿಗೆ ಮಾತ್ರ. 50ನೆಯದಕ್ಕೆ ಹೊರಗಿನವರೂ ಸಣ್ಣ ಶುಲ್ಕ ಕೊಟ್ಟು ಹೋಗಬಹುದು, ದಿನಕ್ಕೆ ಇಂತಿಷ್ಟು ಜನ ಎಂಬ ಮಿತಿ ಇದೆ. 2017ರಲ್ಲಿ ತೆರೆದ ಕಂಪುಂಗ್ ಅಡ್ಮಿರಾಲ್ಟಿ ಒಂದು ಹೆಕ್ಟೇರಿಗೂ ಚಿಕ್ಕ ಜಾಗ. ಕೆಳಗೆ ತೆರೆದ ಸಾರ್ವಜನಿಕ ಅಂಗಳ, ಅದರ ಮೇಲೆ ತಿಂಡಿ ಅಂಗಡಿಗಳ ಸಾಲು ಮತ್ತು ವೈದ್ಯಕೀಯ ಕೇಂದ್ರ, ಇನ್ನೂ ಮೇಲೆ ಮಕ್ಕಳ ಪಾಲನಾ ಕೇಂದ್ರ, ತೋಟ, ಹಿರಿಯರಿಗೆಂದು 104 ಮನೆ. ಅಜ್ಜ–ಅಜ್ಜಿಯರ ಎದುರಿನಲ್ಲೇ ಮಕ್ಕಳು ಆಡುತ್ತವೆ.

ದಯವಿಟ್ಟು ಪ್ರತಿ ಗೋಪುರಕ್ಕೂ ಸ್ಟ್ರೆಚರ್ ಮಲಗಿಸಿಯೇ ಒಯ್ಯಬಹುದಾದ ಒಂದು ಲಿಫ್ಟ್ ಇಡಿ. ನೆಲಮಟ್ಟದಲ್ಲಿ, ನೀರಿನ ನಲ್ಲಿಯಿರುವ, ವಾಹನ ಹತ್ತಿರ ಬರುವ ಒಂದು ಮಂಟಪ ಇಡಿ.

ಸರ್ವೆ ನಂಬರ್, ಬೆಂಗಳೂರು

ನಾನು ವಕೀಲ, ಭೂಮಿ ಮತ್ತು ಅಪಾರ್ಟ್‌ಮೆಂಟ್ ಪ್ರಕರಣಗಳನ್ನು ನೋಡುತ್ತೇನೆ. ಖಜಾಂಚಿಯವರ ಆತಂಕ ನಿಜವಾದದ್ದು, ಅದಕ್ಕೆ ಪರಿಹಾರ ಇರುವುದು ಕಾಗದದಲ್ಲಿ.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಸಾಮಾನ್ಯ ಪ್ರದೇಶದಲ್ಲಿ ಪ್ರತಿ ಮನೆಯವರಿಗೂ ಅವಿಭಜಿತ ಪಾಲು ಇರುತ್ತದೆ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಬಿಲ್ಡರ್ ಅದನ್ನು ಸಂಘಕ್ಕೆ ವರ್ಗಾಯಿಸಬೇಕು. ಮಂಜೂರಾದ ನಕ್ಷೆಯನ್ನು ಆಮೇಲೆ ಬದಲಿಸಬೇಕೆಂದರೆ 14ನೇ ಸೆಕ್ಷನ್ ಅಡಿ ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಬೇಕು. ಅರ್ಥ ಇಷ್ಟೇ: ಮಾರಾಟವಾದ ಮೇಲೆ ಊರಿಗೆ ಬಾಗಿಲು ತೆರೆಯುವುದು ಹೆಚ್ಚುಕಡಿಮೆ ಅಸಾಧ್ಯ. ಮೊದಲ ಮನೆ ಮಾರುವ ಮುನ್ನವೇ ತೀರ್ಮಾನವಾಗಬೇಕು.

ನನ್ನ ಸಲಹೆ ಹೀಗಿದೆ. ರಸ್ತೆಯ ಅಂಚಿನ ಪಟ್ಟಿಯನ್ನು ಎರಡು ಬಗೆಯಾಗಿ ನೋಡಿ. ದವಾಖಾನೆ, ಗ್ರಂಥಾಲಯ, ಕೂಸಿನ ಮನೆಗಳ ಜಾಗವನ್ನು ಅಳತೆ ಮಾಡಿ, ಗಡಿ ಗುರುತಿಸಿ, ನಾಗರಿಕ ಸೌಲಭ್ಯದ ನಿವೇಶನವಾಗಿ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಿ. ಅದರ ಹೊಣೆ, ಖರ್ಚು ಸಂಘದ ಮೇಲೆ ಬೀಳುವುದಿಲ್ಲ. ಅಂಗಡಿಗಳನ್ನು ಮಾತ್ರ ಬಿಲ್ಡರ್ ಮಾರದಂತೆ ತಡೆದು ಸಂಘದ ಒಡೆತನಕ್ಕೆ ಬರೆಸಿ. ಬಾಡಿಗೆ ನಿರ್ವಹಣಾ ನಿಧಿಗೆ ಬರಲಿ. ಎರಡನ್ನೂ ಘೋಷಣಾ ಪತ್ರದಲ್ಲಿ (ಯಾವುದು ಮನೆ, ಯಾವುದು ಸಾಮಾನ್ಯ ಪ್ರದೇಶ ಎಂದು ದಾಖಲಿಸುವ ಪತ್ರ), ಪ್ರತಿ ಕ್ರಯಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ. ಬಾಯಿಮಾತಿನ ಭರವಸೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ರಾಜಕಾಲುವೆಯ ವಿಷಯ: ಬೆಂಗಳೂರಿನ 2015ರ ಮಾಸ್ಟರ್‌ಪ್ಲಾನ್ ಮೂರನೇ ಹಂತದ ಕಾಲುವೆಗೆ 15 ಮೀಟರ್, ಎರಡನೇ ಹಂತಕ್ಕೆ 25, ಮೊದಲ ಹಂತಕ್ಕೆ 50 ಮೀಟರ್ ಜಾಗವನ್ನು ಕಟ್ಟಡ ಕಟ್ಟದೆ ಮೀಸಲು ಬಿಡಬೇಕು ಎನ್ನುತ್ತದೆ. ಹಸಿರು ನ್ಯಾಯಮಂಡಳಿ ಅದನ್ನು ಹೆಚ್ಚಿಸಿದ್ದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ರದ್ದುಪಡಿಸಿತು. ನಿಮ್ಮದು ಯಾವ ಹಂತದ್ದು ಎಂದು ಮೊದಲು ಖಚಿತಪಡಿಸಿಕೊಳ್ಳಿ.

ನಕ್ಷೆಮನೆ, ಬೆಂಗಳೂರು

ಎಲ್ಲರಿಗೂ ಧನ್ಯವಾದಗಳು. ನಮ್ಮದು ಮೂರನೇ ಹಂತದ ಕಾಲುವೆ, ದಾಖಲೆ ನೋಡಿದ್ದೇವೆ.

ನೀರುಗಂಟಿಯವರ ಮಣ್ಣಿನ ಮಾತು ನನ್ನನ್ನು ಪಾರ್ಕಿಂಗ್ ಲೆಕ್ಕಕ್ಕೆ ಎಳೆದು ತಂದಿತು. ಹಂಚಿಕೊಳ್ಳುವ ಸೌಕರ್ಯಗಳಲ್ಲಿ ಅತ್ಯಂತ ಹೆಚ್ಚು ಜಾಗ ನುಂಗುವುದು ಕಾರು. ಆದರೆ ಅದನ್ನು ಯಾರೂ ಸೌಕರ್ಯದ ಪಟ್ಟಿಯಲ್ಲಿ ಬರೆಯುವುದಿಲ್ಲ. ಓಡಾಟದ ದಾರಿ, ಇಳಿಜಾರು ಎಲ್ಲ ಸೇರಿ ನೆಲಮಾಳಿಗೆಯಲ್ಲಿ ಒಂದು ಕಾರಿಗೆ ಸುಮಾರು 32 ಚದರ ಮೀಟರ್ ಬೇಕು. ನಾಲ್ಕು ಮನೆಗೆ ಐದು ಕಾರಿನಂತೆ 1,500 ಕಾರು, ಅಂದರೆ 48,000 ಚದರ ಮೀಟರ್. ನಮ್ಮ ಇಡೀ ಜಾಗವೇ 40,470 ಚದರ ಮೀಟರ್! ಹಾಗಾಗಿ ಎರಡು ನೆಲಮಾಳಿಗೆ ತೋಡುತ್ತೇವೆ, ಬಂಡೆ ಸಿಡಿಸುತ್ತೇವೆ, ಅಂತರ್ಜಲದ ದಾರಿ ಕಡಿಯುತ್ತೇವೆ, ಆಮೇಲೆ ಕಾಂಕ್ರೀಟಿನ ಮೇಲೆ ಎರಡಡಿ ಮಣ್ಣು ಹಾಕಿ ಉದ್ಯಾನ ಎನ್ನುತ್ತೇವೆ. ಅಲ್ಲಿ ಹೊಂಗೆ, ಮಾವು, ಅರಳಿ ಯಾವುದೂ ಬೇರು ಬಿಟ್ಟು ದೊಡ್ಡದಾಗುವುದಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆಯ ಸುತ್ತಮುತ್ತ ನೆಲಮಾಳಿಗೆಗಳು ತುಂಬಿ, ಜನ ಟ್ರ್ಯಾಕ್ಟರ್ ಏರಿ ಹೊರಬಂದದ್ದನ್ನು ನಾವೆಲ್ಲ ನೋಡಿದ್ದೇವೆ. ಹತ್ತು ಎಕರೆಯ ಮೇಲೆ ಒಂದೇ ದಿನ 100 ಮಿಲಿಮೀಟರ್ ಮಳೆ ಸುರಿದರೆ 40 ಲಕ್ಷ ಲೀಟರ್ ನೀರು. ಅದು ಎಲ್ಲಿ ನಿಲ್ಲಬೇಕು ಎಂದು ನಾವು ತೀರ್ಮಾನಿಸದಿದ್ದರೆ ನೀರೇ ತೀರ್ಮಾನಿಸುತ್ತದೆ.

ಕಾಲುವೆಯ ಬದಿಯ ಎರಡೂವರೆ ಎಕರೆಯ ಕೆಳಗೆ ನೆಲಮಾಳಿಗೆಯೇ ಬೇಡ ಎಂದು ಬಿಲ್ಡರ್ ಎದುರು ಹಠ ಹಿಡಿಯುತ್ತೇನೆ. ಅದು ನಿಜವಾದ ನೆಲವಾಗಿ ಉಳಿಯಬೇಕು.

ವರಳಿ ಕನ್ನಡಿಗ, ಮುಂಬಯಿ

ಎಲ್ಲರೂ ನೆಲದ ಮಾತನ್ನೇ ಆಡುತ್ತಿದ್ದೀರಿ. ಇಪ್ಪತ್ತನೇ ಮಹಡಿಯಲ್ಲಿ ಇರುವವರ ಗತಿ ಏನು?

ಇಲ್ಲಿನ ಬಿ.ಡಿ.ಡಿ. (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳುಗಳು, ಅಂದರೆ ಒಂದೇ ಕೋಣೆಯ ಮನೆಗಳ ಸಾಲುಕಟ್ಟಡಗಳು, 1920ರ ದಶಕದವು. ನೆಲ ಸೇರಿ ನಾಲ್ಕು ಅಂತಸ್ತು, ಒಂದೊಂದು ಕಟ್ಟಡದಲ್ಲಿ 80 ಕೋಣೆ, ಕೋಣೆಗೆ 160 ಚದರ ಅಡಿ. ಈಗ ಅವು ಒಂದೊಂದಾಗಿ ಉರುಳಿ ಅದೇ ಜಾಗದಲ್ಲಿ ಗೋಪುರಗಳು ಏಳುತ್ತಿವೆ. ಚಾಳನ್ನು ಹಾಡಿ ಹೊಗಳುವವರ ಸಾಲಿಗೆ ನಾನು ಸೇರುವುದಿಲ್ಲ. ಬೆಳಿಗ್ಗೆ ಸಾಮೂಹಿಕ ಶೌಚಾಲಯದ ಮುಂದೆ ಸರದಿಯಲ್ಲಿ ನಿಂತವರಿಗೆ ಗೊತ್ತು ಅದರ ಕಷ್ಟ. ಆದರೆ ಮನೆಯ ಬಾಗಿಲು ತೆರೆದರೆ ಮನುಷ್ಯರು ಕಾಣುತ್ತಿದ್ದರು. ಹೊಸ ಗೋಪುರದಲ್ಲಿ ಬಾಗಿಲು ತೆರೆದರೆ ಕಿಟಕಿಯಿಲ್ಲದ ಓಣಿ, ಹಗಲಲ್ಲೂ ದೀಪ.

ಲಿಫ್ಟಿನಿಂದ ಮನೆಗೆ ಹೋಗುವ ಓಣಿಯ ಒಂದು ತುದಿಯಾದರೂ ಆಕಾಶಕ್ಕೆ ತೆರೆದಿರಲಿ. ಐದಾರು ಮಹಡಿಗೊಂದು ಕಡೆ, ಎರಡು ಮನೆಯಷ್ಟು ಜಾಗ ಬಿಟ್ಟು ಬಿಸಿಲು ಬೀಳುವ ಪಡಸಾಲೆ ಮಾಡಿ. ಹಪ್ಪಳ ಒಣಗಿಸಲಿ, ಮಕ್ಕಳು ಆಡಲಿ, ಮೊಣಕಾಲು ನೋವಿನ ಅಜ್ಜಿ ಕೆಳಗಿಳಿಯದೆ ನಾಲ್ಕು ಜನರ ಮುಖ ನೋಡಲಿ. ಕ್ಲಬ್‌ಹೌಸ್ ಅರ್ಧಕ್ಕೆ ಇಳಿಸಿದರೆ ಇದಕ್ಕೆ ಹಣ ಹೊರಡುತ್ತದೆ.

ಅಂಗನವಾಡಿ ಟೀಚರ್, ಬೆಂಗಳೂರು ಗ್ರಾಮಾಂತರ

ನಾನು ಇಂಥ ಗೋಡೆಯ ಆಚೆ ಬದಿಯವಳು. ನಮ್ಮೂರಿನ ಮುಂದೆ ದೊಡ್ಡ ಸಮುಚ್ಚಯ ಬಂದ ಮೇಲೆ ನಮ್ಮ ಹೆಂಗಸರಿಗೆ ಕೆಲಸ ಸಿಕ್ಕಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬಸ್ ನಿಲ್ದಾಣಕ್ಕೆ ಹೊಲದ ನಡುವೆ ಇದ್ದ ಕಾಲುದಾರಿ ಮುಚ್ಚಿಹೋಯಿತು. ಮೊದಲು ಐದು ನಿಮಿಷದ ದಾರಿ, ಈಗ ಗೋಡೆ ಸುತ್ತಿ ಹೋಗಬೇಕು. ಮಳೆಗಾಲದಲ್ಲಿ ಶಾಲೆಯ ಮಕ್ಕಳು ಲಾರಿಗಳ ಪಕ್ಕದಲ್ಲಿ, ಕೆಸರಿನಲ್ಲಿ ನಡೆಯುತ್ತಾರೆ. ಮೇಡಂ, ನಿಮ್ಮ ಜಾಗದ ಹಿಂದೆ ಊರು, ಮುಂದೆ ಶಾಲೆ ಮತ್ತು ಬಸ್ ಎಂದು ಬರೆದಿದ್ದೀರಿ. ಆ ಊರಿನ ಮಕ್ಕಳು ಈಗ ಯಾವ ದಾರಿಯಲ್ಲಿ ಶಾಲೆಗೆ ಬರುತ್ತಿದ್ದಾರೆ? ನಿಮ್ಮ ಜಾಗದ ಮೇಲೆಯೇ ಇರಬೇಕು. ನಿಮ್ಮ ನಕ್ಷೆಯಲ್ಲಿ ಆ ದಾರಿ ಇದೆಯೇ?

ಇನ್ನೊಂದು. ಮನೆಗೆಲಸಕ್ಕೆ ಬರುವವರು ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ನಾಲ್ಕೈದು ಮನೆ ಸುತ್ತುತ್ತಾರೆ. ಯಾವ ಮನೆಯಲ್ಲೂ ಅವರಿಗೆ ಶೌಚಾಲಯ ಬಳಸಲು ಬಿಡುವುದಿಲ್ಲ. ಅದಕ್ಕೆ ಹೆದರಿ ನೀರನ್ನೇ ಕುಡಿಯದೆ ಇರುವವರು ನಮ್ಮಲ್ಲಿ ಬಹಳ ಮಂದಿ. ಕಾವಲುಗಾರರು, ಚಾಲಕರು, ಪಾರ್ಸೆಲ್ ತರುವ ಹುಡುಗರದೂ ಅದೇ ಪಾಡು. ಪ್ರತಿ ಗೋಪುರದ ಬುಡದಲ್ಲಿ ಹೆಂಗಸರಿಗೊಂದು, ಗಂಡಸರಿಗೊಂದು ಶೌಚಾಲಯ, ಕುಡಿಯುವ ನೀರು, ಕುಳಿತು ಬುತ್ತಿ ಉಣ್ಣುವ ಜಾಗ. ಇದನ್ನು ಸೌಕರ್ಯ ಎಂದು ಕರೆಯಬೇಡಿ, ಕನಿಷ್ಠ ಮರ್ಯಾದೆ ಎಂದು ಕರೆಯಿರಿ. ಕೂಸಿನ ಮನೆಗೂ ಒಳಗಿನವರ ಮಕ್ಕಳು, ಅಲ್ಲಿ ಕೆಲಸ ಮಾಡುವವರ ಮಕ್ಕಳು ಇಬ್ಬರೂ ಬರುವಂತಿರಲಿ.

ಸರ್ವೆ ನಂಬರ್, ಬೆಂಗಳೂರು

ಟೀಚರ್ ಕೇಳಿದ್ದು ಅತ್ಯಂತ ಮುಖ್ಯವಾದ ಪ್ರಶ್ನೆ. ಗ್ರಾಮ ನಕಾಶೆ ತೆಗೆಸಿ ನೋಡಿ. ಬಂಡಿದಾರಿ ಅಥವಾ ಕಾಲುದಾರಿ ಅದರಲ್ಲಿ ಚುಕ್ಕೆ ಗೆರೆಯಾಗಿ ಕಾಣಿಸಿದರೆ ಅದು ಸಾರ್ವಜನಿಕರ ಹಕ್ಕು. ಸುತ್ತಲಿನ ಜಮೀನು ಕೊಂಡ ಮಾತ್ರಕ್ಕೆ ಮುಚ್ಚುವಂತಿಲ್ಲ. ನಕಾಶೆಯಲ್ಲಿ ಇಲ್ಲದಿದ್ದರೂ ಜನ ತಲೆಮಾರುಗಳಿಂದ ನಡೆದಿದ್ದರೆ ಅದಕ್ಕೂ ಕಾನೂನಿನಲ್ಲಿ ಬೆಲೆ ಇದೆ.

ನಕ್ಷೆಮನೆ, ಬೆಂಗಳೂರು

ಟೀಚರ್, ಇಂದು ಬೆಳಿಗ್ಗೆ ಜಾಗಕ್ಕೆ ಹೋಗಿ ನೋಡಿದೆ. ದಾರಿ ಇದೆ. ಎಂಟೂವರೆ ಗಂಟೆಗೆ ನೀಲಿ ಸಮವಸ್ತ್ರದ ಮಕ್ಕಳು ಲಾಂಟಾನ ಪೊದೆಗಳ ನಡುವೆ ಸಾಲಾಗಿ ಬಂದರು. ದೊಡ್ಡ ಹುಡುಗಿಯೊಬ್ಬಳು ಕಾಲುವೆಯ ಮೇಲಿನ ಕಲ್ಲುಚಪ್ಪಡಿಯ ಹತ್ತಿರ ನಿಂತು ಚಿಕ್ಕವರನ್ನು ಒಬ್ಬೊಬ್ಬರಾಗಿ ದಾಟಿಸಿದಳು. ಚಪ್ಪಡಿಯ ಒಂದು ಅಂಚು ಒಡೆದಿದೆ. ಗ್ರಾಮ ನಕಾಶೆಯಲ್ಲೂ ಕಾಲುದಾರಿಯ ಗೆರೆ ಇದೆ.

ಇನ್ನು ನಕ್ಷೆ ಆ ದಾರಿಯಿಂದಲೇ ಶುರುವಾಗುತ್ತದೆ. ಆರು ಮೀಟರ್ ಅಗಲದ, ಕಾರು ಬರದ ಬೀದಿಯಾಗಿ ಊರಿನಿಂದ ರಸ್ತೆಯವರೆಗೆ ಅದು ಜಾಗವನ್ನು ಸೀಳಿ ಹೋಗಲಿ. ಅಗ್ನಿಶಾಮಕ ವಾಹನಕ್ಕೂ ಅದೇ ಅಗಲ ಸಾಕು. ಕಾಲುವೆಗೆ ಸರಿಯಾದ ಸಣ್ಣ ಸೇತುವೆ. ಬೀದಿಯ ಒಂದು ಮಗ್ಗುಲಿಗೆ ನೆಲಮಾಳಿಗೆ ಇಲ್ಲದ ಎರಡೂವರೆ ಎಕರೆ, ಇನ್ನೊಂದು ಮಗ್ಗುಲಿಗೆ ತೆರೆದ ಮಂಟಪ ಮತ್ತು ಕೂಸಿನ ಮನೆ. ಬೀದಿ ರಸ್ತೆ ಸೇರುವಲ್ಲಿ ದವಾಖಾನೆ, ಗ್ರಂಥಾಲಯ, ಅಂಗಡಿಗಳು, ನೆರಳಿರುವ ಬಸ್ ತಂಗುದಾಣ. ಅಂಗಡಿಗಳ ನೆಲ ಕಾಲುಹಾದಿಯ ಮಟ್ಟಕ್ಕೇ ಇರುತ್ತದೆ, ಮೆಟ್ಟಿಲು ಇಲ್ಲ. ಪುಟ್ಟ ಚಿತ್ರಮಂದಿರ, ಸ್ಕ್ವಾಷ್ ಅಂಕಣ ತೆಗೆದುಹಾಕಿ, ಆ ವಿಸ್ತೀರ್ಣವನ್ನು ವರಳಿಯವರು ಹೇಳಿದ ಪಡಸಾಲೆಗಳಿಗೆ ಹಂಚುತ್ತೇನೆ. ಒಂದೇ ಈಜುಕೊಳ, ನಿವಾಸಿಗಳಿಗೆ ಮಾತ್ರ.

ಖಜಾಂಚಿಯವರೇ, ಊರಿನವರು ಓಡಾಡುವ ಬೀದಿ ಒಳಗೇ ಹಾಯ್ದರೆ ಕಾವಲು ಹೇಗೆ? ನಿಮ್ಮ ಒಪ್ಪಿಗೆ ಇಲ್ಲದೆ ಇದು ನಡೆಯುವಂಥದ್ದಲ್ಲ, ಏಕೆಂದರೆ ನಾಳೆ ಇದನ್ನು ನಡೆಸುವವರು ನಿಮ್ಮಂಥವರೇ.

ಖಜಾಂಚಿ, ವೈಟ್‌ಫೀಲ್ಡ್

ಮೇಡಂ, ಎಲ್ಲರಿಗೂ ಎಲ್ಲವನ್ನೂ ತೆರೆಯುವುದನ್ನು ನಾನು ಈಗಲೂ ಒಪ್ಪುವುದಿಲ್ಲ. ಈ ನಕ್ಷೆ ಹಾಗೆ ಕೇಳುತ್ತಿಲ್ಲ, ಆದ್ದರಿಂದ ನನ್ನ ವಿರೋಧವೂ ಇಲ್ಲ. ಕಾವಲನ್ನು ಹೊರಗಿನ ಗೇಟಿನಿಂದ ಗೋಪುರದ ಬಾಗಿಲಿಗೆ ತನ್ನಿ. ಬೀದಿಗೆ ಮುಖ ಮಾಡಿದ ಮನೆಗಳ ಕಿಟಕಿ, ಅಂಗಡಿಯ ದೀಪ, ಓಡಾಡುವ ಜನ ಇದ್ದರೆ ಗೋಡೆಗಿಂತ ಅದೇ ಮೇಲು. ನಮ್ಮಲ್ಲಿ ಕಳ್ಳತನ ಆದದ್ದು ಗೋಡೆ ಹಾರಿ, ಯಾರೂ ಓಡಾಡದ ಹಿಂಬದಿಯಿಂದ. ಆದರೆ ಎರಡು ಷರತ್ತು. ಮಕ್ಕಳ ಆಟದ ಜಾಗ ಮತ್ತು ಬೀದಿಯ ನಡುವೆ ಸೊಂಟದೆತ್ತರದ, ಆಚೆ ಕಾಣುವ ಬೇಲಿ ಇರಲಿ. ನೆಲಮಾಳಿಗೆಯಿಂದ ಮೇಲೆ ಬರುವ ಪ್ರತಿ ಮೆಟ್ಟಿಲೂ ಗೋಪುರದ ಬಾಗಿಲಿನ ಒಳಗೇ ತೆರೆಯಲಿ, ಬೀದಿಗೆ ಅಲ್ಲ.

ಗೇಟುಗಳು ಎರಡಾದರೆ ಹೆಚ್ಚು, ಗೋಪುರದ ಬಾಗಿಲು ಎಂಟಾದರೂ ಇರುತ್ತವೆ. ಕಾವಲಿನ ಸಂಬಳ ಏರುತ್ತದೆ ಎಂಬುದನ್ನು ಮುಚ್ಚಿಡಬೇಡಿ. ಅಂಗಡಿ ಬಾಡಿಗೆ ಮತ್ತು ನೀರುಗಂಟಿಯವರು ಹೇಳಿದ ನೀರಿನ ಆದಾಯ ಅದಕ್ಕೆ ಎಷ್ಟು ಒದಗುತ್ತದೆ ಎಂದು ಲೆಕ್ಕ ಹಾಕಿ. ಬಿಲ್ಡರ್ ಸಭೆಗೆ ಹೋಗುವಾಗ ನಕ್ಷೆಯ ಜೊತೆ ಹದಿನೈದು ವರ್ಷದ ಖರ್ಚಿನ ಪಟ್ಟಿಯನ್ನೂ ಮೇಜಿನ ಮೇಲಿಡಿ. ಲಿಫ್ಟ್, ಪಂಪ್, ಎಸ್‌ಟಿಪಿ, ಬಣ್ಣ, ಸೇತುವೆಯ ದುರಸ್ತಿ, ಕೆಲಸದವರ ಶೌಚಾಲಯ ತೊಳೆಯುವವರ ಕೂಲಿ, ಯಾವುದನ್ನೂ ಬಿಡಬೇಡಿ. ನಮ್ಮ ಸಂಘದಲ್ಲಿ ಬಳಸುವ ನಮೂನೆ ನನ್ನ ಬಳಿ ಇದೆ, ಹೆಸರುಗಳನ್ನು ತೆಗೆದು ಇಂದು ರಾತ್ರಿ ಇಲ್ಲೇ ಹಾಕುತ್ತೇನೆ. ನೀರುಗಂಟಿಯವರು ಪಂಪು ಮತ್ತು ಎಸ್‌ಟಿಪಿ ಸಾಲುಗಳನ್ನು ತುಂಬಿಕೊಡಲಿ.